ನಂಬಿಕೆಯ ಹಕ್ಕು ಯಾರದ್ದು, ಎಲ್ಲಿವರೆಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಧರ್ಮ, ಕಾನೂನು, ಬೇರೆ ಬೇರೆ ಧರ್ಮದವರ ಜೊತೆಗಿನ ಬದುಕು, ಇವುಗಳ ಬಗ್ಗೆ ನೀವು ಕೇಳಿದ ಆರು ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಒಂದೇ ಥರದವನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ಸರ್, ಧಾರ್ಮಿಕ ಸ್ವಾತಂತ್ರ್ಯ ಎಲ್ಲರ ಹಕ್ಕು ಅಂತಾರೆ. ಅದರ ಬೆನ್ನಿಗೇ ಹತ್ತು ಷರತ್ತು ಹಾಕ್ತಾರೆ. ಷರತ್ತು ಹಾಕಿದ ಮೇಲೆ ಅದೆಂಥ ಸ್ವಾತಂತ್ರ್ಯ?

ಉತ್ತರ: ಇಲ್ಲಿ ಎರಡು ವಿಷಯ ಕಲೆತುಹೋಗಿವೆ, ಮೊದಲು ಅವನ್ನು ಬಿಡಿಸೋಣ. ಮನಸ್ಸಿನಲ್ಲಿ ಏನನ್ನು ನಂಬಬೇಕು, ಏನನ್ನು ನಂಬಬಾರದು, ನಂಬಿದ್ದನ್ನು ಬಿಡಬೇಕೋ ಬೇಡವೋ, ಇದಕ್ಕೆ ಯಾವ ಷರತ್ತೂ ಇಲ್ಲ. 1966ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿ ಇದನ್ನು ಕಾಯುತ್ತದೆ. ಯುದ್ಧವೋ ತುರ್ತು ಪರಿಸ್ಥಿತಿಯೋ ಬಂದರೂ ಸರ್ಕಾರ ಈ ವಿಧಿಯನ್ನು ಬದಿಗಿಡುವಂತಿಲ್ಲ. ಷರತ್ತು ಬರುವುದು ನಂಬಿಕೆಯನ್ನು ಹೊರಗೆ ಆಚರಿಸುವಾಗ: ಉಡುಪು, ಮೆರವಣಿಗೆ, ಪ್ರಾರ್ಥನೆ, ಪ್ರಚಾರ. ಅಲ್ಲೂ ಸರ್ಕಾರ ಕೊಡಬಹುದಾದ ಕಾರಣ ಐದೇ. ಸಾರ್ವಜನಿಕ ಸುರಕ್ಷತೆ, ಸುವ್ಯವಸ್ಥೆ, ಆರೋಗ್ಯ, ನೈತಿಕತೆ, ಬೇರೆಯವರ ಮೂಲಭೂತ ಹಕ್ಕು. 'ದೇಶದ ಭದ್ರತೆ' ಈ ಪಟ್ಟಿಯಲ್ಲಿ ಇಲ್ಲ, ಗಮನಿಸಿ. ಅದೇ ಒಡಂಬಡಿಕೆಯಲ್ಲಿ ಮಾತಿನ ಸ್ವಾತಂತ್ರ್ಯಕ್ಕೆ ಆ ಮಿತಿ ಇದೆ, ಧರ್ಮಕ್ಕೆ ಇಲ್ಲ. 'ಜಾಸ್ತಿ ಜನಕ್ಕೆ ಇಷ್ಟ ಇಲ್ಲ' ಅನ್ನುವ ಕಾರಣವಂತೂ ಎಲ್ಲೂ ಇಲ್ಲ.

ಇನ್ನು, ಕಾರಣ ಹೇಳಿದರೆ ಸಾಲದು. ಅದು ನಿಜವೇ, ಅದಕ್ಕೆ ಇಷ್ಟು ದೊಡ್ಡ ನಿಷೇಧ ಬೇಕೇ ಅಂತ ತೂಗಿ ನೋಡಬೇಕು. ಈ ತೂಗುವ ಕೆಲಸ ಹೇಗೆ ನಡೆಯುತ್ತದೆ ಅಂತ ತೋರಿಸಲು ಕೆನಡಾದ ಒಂದು ಪ್ರಕರಣ ಹೇಳುತ್ತೇನೆ. 2001ರಲ್ಲಿ ಮಾಂಟ್ರಿಯಲ್‌ನ ಒಂದು ಶಾಲೆಯ ಅಂಗಳದಲ್ಲಿ 12 ವರ್ಷದ ಸಿಖ್ ಹುಡುಗನ ಬಟ್ಟೆಯೊಳಗಿಂದ ಕಿರ್ಪಾನ್ ಕೆಳಗೆ ಬಿತ್ತು. ದೀಕ್ಷೆ ಪಡೆದ ಸಿಖ್ಖರು ಸದಾ ಮೈಮೇಲೆ ಧರಿಸಬೇಕಾದ ಲೋಹದ ಕಿರುಗತ್ತಿ ಅದು. ಶಾಲೆ ಅಂದರೆ ಆಯುಧ ಇರಬಾರದು, ಮರದ್ದೋ ಪ್ಲಾಸ್ಟಿಕ್ಕಿನದ್ದೋ ಹಾಕಿಕೊಳ್ಳಲಿ ಅಂತ ಶಾಲಾ ಮಂಡಳಿ ಹಟ ಹಿಡಿಯಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2006ರಲ್ಲಿ ಕೋರ್ಟು ಹುಡುಗನ ಪರ ತೀರ್ಪು ಕೊಟ್ಟಿತು, ಆದರೆ ಸುಮ್ನೆ ಕೊಡಲಿಲ್ಲ. ಕಿರ್ಪಾನ್ ಮರದ ಒರೆಯಲ್ಲಿರಬೇಕು, ಆ ಒರೆಗೆ ದಪ್ಪ ಬಟ್ಟೆ ಸುತ್ತಿ ಹೊಲಿದಿರಬೇಕು, ಅದು ಅಂಗಿಯ ಒಳಗೇ ಇರಬೇಕು, ಸರಿಯಾಗಿದೆಯೇ ಅಂತ ಶಾಲೆಯವರು ಆಗಾಗ ನೋಡಬಹುದು. ಕೆನಡಾದ ಶಾಲೆಗಳಿಗೆ ಸಿಖ್ ಮಕ್ಕಳು ಹೋಗಲು ಶುರುಮಾಡಿ 100 ವರ್ಷವಾದರೂ ಕಿರ್ಪಾನ್‌ನಿಂದ ಒಂದೇ ಒಂದು ಹಲ್ಲೆ ನಡೆದ ವರದಿ ಇಲ್ಲ ಅನ್ನುವುದನ್ನು ನ್ಯಾಯಮೂರ್ತಿಗಳು ನೋಡಿದರು. ಶಾಲೆಯಲ್ಲಿ ಕತ್ತರಿಯೂ ಬೇಸ್‌ಬಾಲ್ ಬ್ಯಾಟೂ ಇದಕ್ಕಿಂತ ಸುಲಭವಾಗಿ ಕೈಗೆ ಸಿಗುತ್ತವೆ ಅಂತಲೂ ಹೇಳಿದರು. ಹಾಗಂತ ಎಲ್ಲ ಕಡೆ ಇದೇ ಲೆಕ್ಕವಲ್ಲ. ಅದೇ ದೇಶದಲ್ಲಿ ವಿಮಾನದೊಳಗೆ ಕಿರ್ಪಾನ್ ಬೇಡ ಅಂದ ತೀರ್ಪು ಮೊದಲೇ ಇತ್ತು. ವಿಮಾನದಲ್ಲಿ ಗುರುತು ಪರಿಚಯ ಇಲ್ಲದವರು ಕೆಲವು ಗಂಟೆ ಒಟ್ಟಿಗೆ ಇರುತ್ತಾರೆ. ಶಾಲೆಯಲ್ಲಿ ಮಗುವನ್ನು ವರ್ಷಗಟ್ಟಲೆ ಬಲ್ಲ ಮೇಷ್ಟ್ರು ಇರುತ್ತಾರೆ. ವ್ಯತ್ಯಾಸ ಇದೆ ಅಲ್ವಾ?

ಎಲ್ಲ ಕೋರ್ಟೂ ಒಂದೇ ಥರ ತೂಗುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತು ಬೇಡ ಅಂತ ಫ್ರಾನ್ಸ್ 2004ರಲ್ಲಿ ಕಾನೂನು ಮಾಡಿತು. ತಲೆಗೆ ಬಟ್ಟೆ ಕಟ್ಟುತ್ತಿದ್ದ ಕಾರಣಕ್ಕೆ ಅದರಿಂದ ಶಾಲೆ ಕಳೆದುಕೊಂಡ ಸಿಖ್ ಹುಡುಗರ ಅರ್ಜಿಗಳನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಆರಂಭದಲ್ಲೇ ತಳ್ಳಿಹಾಕಿತು. 2012ರಲ್ಲಿ ಇನ್ನೊಬ್ಬ ಸಿಖ್ ಹುಡುಗನ ದೂರು ನೋಡಿದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಫ್ರಾನ್ಸ್ ಮಾಡಿದ್ದು ತಪ್ಪು ಅಂತ ಹೇಳಿತು. ಈ ಹುಡುಗನಿಂದ ಯಾರಿಗೆ ಏನು ತೊಂದರೆಯಾಯಿತು ಅಂತ ಆ ಸಮಿತಿ ಕೇಳಿತು, ಫ್ರಾನ್ಸ್ ಬಳಿ ಒಪ್ಪುವಂಥ ಉತ್ತರ ಇರಲಿಲ್ಲ. ನಾನು ಸಮಿತಿಯ ಪರ. ಎದುರಿಗೆ ನಿಂತಿರುವ ಒಬ್ಬ ಮನುಷ್ಯನನ್ನು ನೋಡದೆ ಇಡೀ ದೇಶಕ್ಕೆ ಒಂದೇ ಅಳತೆ ಹಾಕಿದರೆ ಏಟು ಬೀಳುವುದು ಯಾವಾಗಲೂ ಸಣ್ಣ ಸಮುದಾಯದ ಮಗುವಿಗೇ.

ಪ್ರಶ್ನೆ: ನಾವಿಬ್ಬರೂ ಬೇರೆ ಬೇರೆ ಧರ್ಮದವರು. ಕೆಲವು ದೇಶಗಳಲ್ಲಿ ನಮ್ಮಂಥವರ ಮದುವೆಗೆ ಕಾನೂನೇ ಇಲ್ಲವಂತೆ, ನಿಜವೇ?

ಉತ್ತರ: ನಿಜ. ಲೆಬನಾನ್‌ನಲ್ಲಿ ಸರ್ಕಾರ ಒಪ್ಪಿದ 18 ಪಂಗಡಗಳಿವೆ. ಮದುವೆ, ವಿಚ್ಛೇದನ ಎಲ್ಲ ಆಯಾ ಪಂಗಡದ ಕೈಯಲ್ಲಿ. ದೇಶದೊಳಗೆ ನಾಗರಿಕ ವಿವಾಹದ ಕಾನೂನು ಇಲ್ಲ. ಹಾಗಾಗಿ ಜೋಡಿಗಳು ಪಕ್ಕದ ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತಾರೆ. ಬಂದ ಮೇಲೆ ಲೆಬನಾನ್ ಅದನ್ನು ನೋಂದಾಯಿಸಿಕೊಳ್ಳುತ್ತದೆ, ಮುಂದೆ ವ್ಯಾಜ್ಯ ಬಂದರೆ ಲೆಬನಾನ್‌ನ ನ್ಯಾಯಾಧೀಶರೇ ಸೈಪ್ರಸ್ ಕಾನೂನು ತೆಗೆದು ನೋಡುತ್ತಾರೆ. ಇಸ್ರೇಲ್‌ನಲ್ಲೂ ಮದುವೆ ಧಾರ್ಮಿಕ ಸಂಸ್ಥೆಗಳ ಕೈಯಲ್ಲಿದೆ, ಹೊರದೇಶದಲ್ಲಿ ಆದದ್ದನ್ನು ನೋಂದಾಯಿಸುತ್ತಾರೆ. ಟುನೀಶಿಯಾ ಮಾತ್ರ 2017ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಮುಸ್ಲಿಂ ಮಹಿಳೆ ಬೇರೆ ಧರ್ಮದವರನ್ನು ಮದುವೆಯಾಗಬಾರದು ಅನ್ನುವ 1973ರ ಸುತ್ತೋಲೆಯನ್ನು ರದ್ದು ಮಾಡಿತು. ನೀವು ಯಾವ ದೇಶದಲ್ಲಿ ನೆಲೆಸುತ್ತೀರೋ ಅಲ್ಲಿ ಹೊರಗಿನ ಮದುವೆ ಪತ್ರ ನಡೆಯುತ್ತದೆಯೇ, ಹುಟ್ಟುವ ಮಗುವಿನ ಧರ್ಮ ಅಂತ ಏನು ಬರೆಯುತ್ತಾರೆ, ಈ ಎರಡನ್ನೂ ಮೊದಲೇ ವಿಚಾರಿಸಿ.

ಪ್ರಶ್ನೆ: ಮನೆ ಬಾಗಿಲಿಗೆ ಬಂದು ಅವರ ಧರ್ಮದ ಬಗ್ಗೆ ಹೇಳುತ್ತಾರೆ. ನನಗೆ ಕಿರಿಕಿರಿ. ಇದನ್ನು ಕಾನೂನು ಯಾಕೆ ನಿಲ್ಲಿಸುವುದಿಲ್ಲ?

ಉತ್ತರ: ಕಿರಿಕಿರಿ ಅರ್ಥವಾಗುತ್ತದೆ. ಬಾಗಿಲು ಹಾಕಿಕೊಳ್ಳುವ ಪೂರ್ತಿ ಹಕ್ಕು ನಿಮಗಿದೆ. ಆದರೆ ಬಾಗಿಲು ತಟ್ಟಿದವರನ್ನು ಜೈಲಿಗೆ ಕಳಿಸಬೇಕೇ ಅನ್ನುವುದು ಬೇರೆ ಪ್ರಶ್ನೆ. ಗ್ರೀಸ್ ಕಳಿಸಿತ್ತು. ಅಲ್ಲಿ 1938ರಿಂದ ಮತಪ್ರಚಾರ ಅಪರಾಧ. ಮಿನೋಸ್ ಕೊಕ್ಕಿನಾಕಿಸ್ ಎಂಬ ಕ್ರೀಟ್ ದ್ವೀಪದ ವ್ಯಾಪಾರಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದವರು, ಅದೇ ಆರೋಪದ ಮೇಲೆ ಜೀವನದಲ್ಲಿ 60ಕ್ಕೂ ಹೆಚ್ಚು ಸಲ ಬಂಧನಕ್ಕೆ ಒಳಗಾದವರು. 1986ರಲ್ಲಿ ಅವರೂ ಅವರ ಹೆಂಡತಿಯೂ ಸಿಟಿಯಾ ಪಟ್ಟಣದ ಒಂದು ಮನೆಗೆ ಹೋಗಿ ಅಲ್ಲಿನ ಮಹಿಳೆಯ ಜೊತೆ ಧರ್ಮದ ವಿಷಯ ಮಾತಾಡಿದರು. ಆಕೆಯ ಗಂಡ ಆರ್ಥಡಾಕ್ಸ್ ಚರ್ಚಿನಲ್ಲಿ ಹಾಡುವವರು, ಪೊಲೀಸರಿಗೆ ಹೇಳಿದರು. ಆ ಮಹಿಳೆಯ ಅನುಭವದ ಕೊರತೆಯನ್ನೂ ಮುಗ್ಧತೆಯನ್ನೂ ಇವರು ಬಳಸಿಕೊಂಡರು ಅಂತ ಗ್ರೀಕ್ ಕೋರ್ಟುಗಳು ಶಿಕ್ಷೆ ಕೊಟ್ಟವು. ಮೇಲ್ಮನವಿಯಲ್ಲಿ ಹೆಂಡತಿ ಬಿಡುಗಡೆಯಾದರು, ಗಂಡನಿಗೆ ಮೂರು ತಿಂಗಳು ಉಳಿಯಿತು. 1993ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 6-3 ಬಹುಮತದಿಂದ ಗ್ರೀಸ್ ತಪ್ಪು ಮಾಡಿದೆ ಅಂತ ಹೇಳಿತು. ನನ್ನ ನಂಬಿಕೆಯ ಬಗ್ಗೆ ನಿಮಗೆ ಹೇಳಿ ಒಪ್ಪಿಸಲು ನೋಡುವುದು ಆ ಹಕ್ಕಿನ ಒಳಗೇ ಇದೆ, ಅದಿಲ್ಲದಿದ್ದರೆ ಧರ್ಮ ಬದಲಿಸುವ ಸ್ವಾತಂತ್ರ್ಯ ಕಾಗದದ ಮೇಲಷ್ಟೇ ಉಳಿಯುತ್ತದೆ ಅನ್ನುವುದು ಆ ತೀರ್ಪಿನ ತಿರುಳು.

ಕಥೆ ಇಲ್ಲಿಗೇ ಮುಗಿಯಲಿಲ್ಲ. 1998ರಲ್ಲಿ ಅದೇ ಕೋರ್ಟಿಗೆ, ಅದೇ ಗ್ರೀಕ್ ಕಾನೂನಿನಡಿ ಶಿಕ್ಷೆಯಾದ ವಾಯುಪಡೆಯ ಮೂವರು ಅಧಿಕಾರಿಗಳು ಬಂದರು, ಇವರು ಪೆಂಟೆಕೋಸ್ಟಲ್ ಪಂಥದವರು. ಊರಿನ ಜನಸಾಮಾನ್ಯರಿಗೆ ಪ್ರಚಾರ ಮಾಡಿದ್ದಕ್ಕೆ ಕೊಟ್ಟ ಶಿಕ್ಷೆ ತಪ್ಪು ಅಂತ ಕೋರ್ಟು ಹೇಳಿತು. ತಮ್ಮ ಕೈಕೆಳಗಿನ ಸೈನಿಕರಿಗೆ ಪ್ರಚಾರ ಮಾಡಿದ್ದಕ್ಕೆ ಕೊಟ್ಟ ಶಿಕ್ಷೆ ಮಾತ್ರ ಸರಿ ಅಂತ ಎತ್ತಿಹಿಡಿಯಿತು. ಯಾಕಂದರೆ ಮೇಲಧಿಕಾರಿ ಮಾತಿಗೆ ಕೂತರೆ ಎದ್ದು ಹೋಗುವುದು ಕೆಳಗಿನವನಿಗೆ ಸುಲಭವಲ್ಲ. ಆಮಿಷ, ಒತ್ತಡ, ಅಧಿಕಾರದ ದುರುಪಯೋಗ, ಇವನ್ನು ಕಾನೂನು ತಡೆಯಲೇಬೇಕು. ಆದರೆ ಅದನ್ನು ಸಾಕ್ಷಿ ಸಮೇತ ತೋರಿಸಬೇಕು. 'ಆಕೆ ಹೆಂಗಸು, ಓದಿಲ್ಲ, ಆಕೆಗೇನು ಗೊತ್ತಾಗುತ್ತೆ' ಅನ್ನುವುದು ಸಾಕ್ಷಿಯಲ್ಲ. ಅದು ಆ ಹೆಂಗಸಿಗೆ ಮಾಡುವ ಅವಮಾನ, ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ.

ಪ್ರಶ್ನೆ: ನನ್ನ ದೇವರನ್ನು ಬೈದರೆ ನನಗೆ ನಿಜಕ್ಕೂ ನೋವಾಗುತ್ತದೆ. ಧರ್ಮನಿಂದನೆ ಕಾನೂನು ಬೇಡ ಅನ್ನುವವರಿಗೆ ಈ ನೋವು ಕಾಣಿಸುವುದಿಲ್ಲವೇ?

ಉತ್ತರ: ನಿಮ್ಮ ನೋವು ನಿಜ. ಅದನ್ನು ಯಾರೂ ಹಗುರ ಮಾಡಬಾರದು. ನನ್ನ ಆತಂಕ ಇರುವುದು ಆ ಕಾನೂನು ಕೊನೆಗೆ ಯಾರ ಕುತ್ತಿಗೆಗೆ ಬರುತ್ತದೆ ಅನ್ನುವುದರಲ್ಲಿ. 2009ರಲ್ಲಿ ಪಾಕಿಸ್ತಾನದ ಪಂಜಾಬಿನ ಒಂದು ಹಳ್ಳಿಯಲ್ಲಿ ಹಣ್ಣು ಕೀಳುವ ಕೆಲಸಕ್ಕೆ ಹೋಗಿದ್ದ ಹೆಂಗಸರ ನಡುವೆ ಕುಡಿಯುವ ನೀರಿನ ವಿಷಯಕ್ಕೆ ಜಗಳವಾಯಿತು. ಆಸಿಯಾ ಬೀಬಿ ಕ್ರೈಸ್ತರು, ಅವರು ಮುಟ್ಟಿದ ನೀರು ಬೇಡ ಅಂತ ಶುರುವಾದ ಮಾತು ಅದು. ಆಮೇಲೆ ಅವರು ಪ್ರವಾದಿಯನ್ನು ನಿಂದಿಸಿದರು ಅಂತ ದೂರು ಬಂತು. 2010ರಲ್ಲಿ ಮರಣದಂಡನೆ. ಅವರ ಪರ ಮಾತಾಡಿದ ಪಂಜಾಬ್ ರಾಜ್ಯಪಾಲ ಸಲ್ಮಾನ್ ತಾಸೀರ್ ಅವರನ್ನು 2011ರ ಜನವರಿಯಲ್ಲಿ ಅವರ ಅಂಗರಕ್ಷಕನೇ ಗುಂಡಿಕ್ಕಿ ಕೊಂದ. ಎರಡು ತಿಂಗಳಲ್ಲಿ ಅಲ್ಪಸಂಖ್ಯಾತರ ಸಚಿವ ಶಹಬಾಜ್ ಭಟ್ಟಿ ಅವರ ಕೊಲೆಯೂ ಆಯಿತು. 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಆಸಿಯಾ ಅವರನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ ಅವರ ಎಂಟು ವರ್ಷ ಸಾವಿನ ನೆರಳಲ್ಲಿ ಜೈಲಿನಲ್ಲೇ ಕಳೆದುಹೋಗಿತ್ತು.

ಹಾಗಾದರೆ ಏನು ಬೇಕಾದರೂ ಮಾತಾಡಬಹುದೇ? ಇಲ್ಲ. ಒಂದು ಸಮುದಾಯದ ಮೇಲೆ ಹಿಂಸೆ ಅಥವಾ ಭೇದಭಾವ ಎತ್ತಿಕಟ್ಟುವ ಮಾತನ್ನು ಅದೇ 1966ರ ಒಡಂಬಡಿಕೆಯ 20ನೇ ವಿಧಿ ನಿಷೇಧಿಸುತ್ತದೆ. ಅದನ್ನು ಅಳೆಯಲು 2012ರಲ್ಲಿ ಮೊರಾಕೊದ ರಬಾತ್‌ನಲ್ಲಿ ವಿಶ್ವಸಂಸ್ಥೆ ಸೇರಿಸಿದ ತಜ್ಞರು ಆರು ಒರೆಗಲ್ಲು ಮಾಡಿದರು: ಸಂದರ್ಭ ಯಾವುದು, ಮಾತಾಡಿದವರು ಯಾರು, ಉದ್ದೇಶ ಏನು, ನಿಜಕ್ಕೂ ಏನು ಹೇಳಿದರು, ಎಷ್ಟು ಜನಕ್ಕೆ ತಲುಪಿತು, ಅದರಿಂದ ಕೆಡುಕಾಗುವ ಸಾಧ್ಯತೆ ಎಷ್ಟು. ಐರ್ಲೆಂಡ್ 2018ರಲ್ಲಿ ಜನಮತ ಪಡೆದು ಸಂವಿಧಾನದಿಂದಲೇ ಧರ್ಮನಿಂದನೆಯನ್ನು ತೆಗೆಯಿತು. ಡೆನ್ಮಾರ್ಕ್ 2017ರಲ್ಲಿ ಕೈಬಿಟ್ಟಿತು, ಆದರೆ ಕುರಾನ್ ಸುಡುವ ಘಟನೆಗಳು ಹೆಚ್ಚಾದಾಗ 2023ರಲ್ಲಿ ಪವಿತ್ರ ಗ್ರಂಥಗಳನ್ನು ಬಹಿರಂಗವಾಗಿ ಅವಮಾನಿಸುವುದನ್ನು ಮತ್ತೆ ಅಪರಾಧ ಮಾಡಿತು. ಚರ್ಚೆ ಇನ್ನೂ ಜೀವಂತ ಇದೆ. ನನ್ನ ಮನಸ್ಸು ಮಾತ್ರ ಆ ಆರು ಪ್ರಶ್ನೆಗಳ ಕಡೆಗೇ ವಾಲುತ್ತದೆ.

ಪ್ರಶ್ನೆ: ಗುರುತಿನ ಚೀಟಿಯಲ್ಲಿ ಧರ್ಮ ಬರೆಯುವುದರಲ್ಲಿ ತಪ್ಪೇನು? ಮುಚ್ಚಿಡುವಂಥದ್ದೇನೂ ಇಲ್ಲವಲ್ಲ.

ಉತ್ತರ: ನಿಮ್ಮ ಧರ್ಮ ಸರ್ಕಾರದ ಪಟ್ಟಿಯಲ್ಲಿದ್ದರೆ ತೊಂದರೆ ಗೊತ್ತಾಗುವುದಿಲ್ಲ. ಇಲ್ಲದವರ ಪಾಡು ನೋಡಿ. ಈಜಿಪ್ಟಿನಲ್ಲಿ ಆ ಕಾಲಂಗೆ ಮೂರೇ ಆಯ್ಕೆ: ಇಸ್ಲಾಂ, ಕ್ರೈಸ್ತ, ಯಹೂದಿ. ಅಲ್ಲಿನ ಸಣ್ಣ ಸಮುದಾಯವಾದ ಬಹಾಯಿ ಧರ್ಮದವರು ಸುಳ್ಳು ಬರೆಯಬೇಕಿತ್ತು, ಇಲ್ಲವೇ ಚೀಟಿ ಇಲ್ಲದೆ ಇರಬೇಕಿತ್ತು. ಚೀಟಿ ಇಲ್ಲದಿದ್ದರೆ ಬ್ಯಾಂಕ್ ಖಾತೆ ಇಲ್ಲ, ಕಾಲೇಜು ಇಲ್ಲ, ಕೆಲಸ ಇಲ್ಲ. ವರ್ಷಗಟ್ಟಲೆ ಹೋರಾಡಿದ ಮೇಲೆ 2009ರಲ್ಲಿ ಅವರಿಗೆ ಸಿಕ್ಕಿದ್ದು ಆ ಜಾಗದಲ್ಲಿ ಒಂದು ಸಣ್ಣ ಗೆರೆ. ಧರ್ಮದ ಹೆಸರಿಲ್ಲ, ಬರೀ ಗೆರೆ. ಆ ಗೆರೆ ನೋಡಿದ ಗುಮಾಸ್ತನಿಗೆ ಇವರು ಯಾರು ಅಂತ ತಕ್ಷಣ ಗೊತ್ತಾಗುತ್ತದೆ ಅನ್ನುವುದು ಇನ್ನೊಂದು ಸಂಕಟ.

ಟರ್ಕಿಯ ಅಲೆವಿ ಪಂಥದವರೊಬ್ಬರ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2010ರಲ್ಲಿ ಇದನ್ನೇ ಹೇಳಿತು. ಕಾಲಂ ಖಾಲಿ ಬಿಡಬಹುದು ಅಂದರೂ ಸಮಸ್ಯೆ ತೀರುವುದಿಲ್ಲ, ಖಾಲಿ ಬಿಟ್ಟವರು ಅದರಿಂದಲೇ ಬೇರೆಯಾಗಿ ಕಾಣುತ್ತಾರೆ, ಕಾಲಂ ಇರುವುದೇ ತಪ್ಪು. ಇಂಡೋನೇಷ್ಯಾದಲ್ಲಿ ಆರು ಧರ್ಮಗಳಿಗೆ ಮಾತ್ರ ಜಾಗವಿತ್ತು. 2017ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಸ್ಥಳೀಯ ನಂಬಿಕೆಯವರೂ ತಮ್ಮ ನಂಬಿಕೆ ಬರೆಸಬಹುದು ಅಂತ ತೀರ್ಪು ಕೊಟ್ಟಿತು. ಗ್ರೀಸ್ 2000ದಲ್ಲಿ ಚರ್ಚಿನ ಭಾರಿ ವಿರೋಧದ ನಡುವೆಯೂ ಧರ್ಮದ ಕಾಲಂ ತೆಗೆದೇ ಹಾಕಿತು. ಸರಿಯಾದ ದಾರಿ ಅದು.

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಸರ್ವಧರ್ಮ ಸಮಿತಿ ಮಾಡಬೇಕು ಅಂದುಕೊಂಡಿದ್ದೇವೆ. ಫೋಟೊ, ಭಾಷಣ, ಕೈಕುಲುಕಾಟ ಬಿಟ್ಟು ಇಂಥ ಸಮಿತಿಗಳಿಂದ ಏನಾದರೂ ಆಗುತ್ತದಾ? ಎಲ್ಲಿಂದ ಶುರುಮಾಡೋಣ?

ಉತ್ತರ: ಆಗುತ್ತದೆ. ನೈಜೀರಿಯಾದ ಕಡೂನಾದಲ್ಲಿ ಪಾಸ್ಟರ್ ಜೇಮ್ಸ್ ವುಯೆ ಮತ್ತು ಇಮಾಮ್ ಮುಹಮ್ಮದ್ ಅಶಾಫಾ ಒಂದು ಕಾಲಕ್ಕೆ ಎದುರುಬದುರು ಗುಂಪುಗಳಲ್ಲಿ ಹೊಡೆದಾಡಿದವರು. 1992ರ ಗಲಭೆಯಲ್ಲಿ ಪಾಸ್ಟರ್ ತಮ್ಮ ಬಲಗೈ ಕಳೆದುಕೊಂಡರು, ಇಮಾಮ್ ತಮ್ಮ ಗುರುವನ್ನೂ ಇಬ್ಬರು ಸೋದರಸಂಬಂಧಿಗಳನ್ನೂ ಕಳೆದುಕೊಂಡರು. 1995ರಲ್ಲಿ ಇಬ್ಬರೂ ಕೂಡಿ ಮಧ್ಯಸ್ಥಿಕೆ ಕೇಂದ್ರ ಕಟ್ಟಿದರು, 2002ರಲ್ಲಿ ಎರಡೂ ಕಡೆಯ ಧರ್ಮಗುರುಗಳು ಸಹಿ ಹಾಕಿದ ಕಡೂನಾ ಶಾಂತಿ ಘೋಷಣೆಯ ಹಿಂದೆ ಇವರ ದುಡಿಮೆ ಇತ್ತು. ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಾಂಗಿಯಲ್ಲಿ 2013ರ ಡಿಸೆಂಬರಿನಲ್ಲಿ ಕಗ್ಗೊಲೆ ಶುರುವಾದಾಗ ಆರ್ಚ್‌ಬಿಷಪ್ ನ್ಜಪಲೈಂಗಾ ಅವರು ಇಮಾಮ್ ಲಯಾಮಾ ಅವರನ್ನೂ ಅವರ ಮನೆಯವರನ್ನೂ ತಮ್ಮ ನಿವಾಸಕ್ಕೇ ಕರೆದುಕೊಂಡರು. ತಿಂಗಳುಗಟ್ಟಲೆ ಒಂದೇ ಸೂರಿನಡಿ ಇದ್ದರು, ಇಬ್ಬರೂ ಒಟ್ಟಿಗೆ ಹೊರಗೆ ಹೋಗಿ ಜನರ ಮುಂದೆ ನಿಂತು ಮಾತಾಡಿದರು. ಇಂಥ ನಂಬಿಕೆ ಗಲಭೆಯ ದಿನ ಹುಟ್ಟುವುದಿಲ್ಲ. ಇವರಿಬ್ಬರ ಒಡನಾಟ ಅದಕ್ಕೂ ಮೊದಲೇ ಇತ್ತು.

ಹಾಗಾಗಿ ಗ್ರಂಥಗಳ ಚರ್ಚೆಯಿಂದ ಶುರುಮಾಡಬೇಡಿ, ಅದು ಸಾವಕಾಶವಾಗಿ ಬರಲಿ. ಮೊದಲ ಸಭೆಯಲ್ಲಿ ಫೋನ್ ನಂಬರ್ ಹಂಚಿಕೊಳ್ಳಿ. ಒಂದು ಗಾಳಿಸುದ್ದಿ ಬಂದರೆ ಅದು ನಿಜವೇ ಅಂತ ಯಾರು ಹೋಗಿ ನೋಡಬೇಕು, ಯಾರು ಯಾರಿಗೆ ಫೋನ್ ಮಾಡಬೇಕು, ಠಾಣೆಗೆ ಯಾರು ಹೋಗಬೇಕು ಅಂತ ಅವತ್ತೇ ಬರೆದಿಡಿ. ಧರ್ಮಗುರುಗಳನ್ನು ಮಾತ್ರ ಕೂರಿಸಬೇಡಿ, ಹೆಂಗಸರೂ ಹುಡುಗರೂ ಇರಲಿ, ಸುದ್ದಿ ಮೊದಲು ತಲುಪುವುದು ಅವರಿಗೇ. ಯಾವ ಧರ್ಮವನ್ನೂ ನಂಬದವರನ್ನೂ ಕರೆಯಿರಿ. ಅತಿ ಕಡಿಮೆ ಜನ ಇರುವ ಸಮುದಾಯದವರಿಗೆ ಮೊದಲು ಮಾತಾಡಲು ಬಿಡಿ. ಅವರು ಹೇಳಿದ್ದರಲ್ಲಿ ಒಂದು ಸಣ್ಣ ತೊಂದರೆಯನ್ನಾದರೂ, ಸ್ಮಶಾನದ ಜಾಗವೋ ಹಬ್ಬದ ರಜೆಯೋ ಏನೇ ಇರಲಿ, ಎರಡನೇ ಸಭೆಯೊಳಗೆ ಸರಿಮಾಡಲು ಎಲ್ಲರೂ ಸೇರಿ ಓಡಾಡಿ.