ಅರ್ಥವಾಗದೆ ‘ಎಸ್’ ಅಂದೆ, ಈಗ ಭಯವಾಗುತ್ತಿದೆ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ನರ್ಸಿಂಗ್ ಮುಗಿಸಿ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ದುಡಿದೆ. ಈಗ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಸ್ಟಾಫ್ ನರ್ಸ್. ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಚೆನ್ನಾಗಿಯೇ ಪಾಸಾಗಿತ್ತು. ಆದರೆ ಇಲ್ಲಿನವರ ಮಾತು ಅರ್ಧವೂ ತಿಳಿಯುತ್ತಿಲ್ಲ. ಎಲ್ಲರೂ ನಕ್ಕಾಗ ಸುಮ್ನೆ ನಾನೂ ನಗುತ್ತೇನೆ. ಮೊನ್ನೆ ಒಬ್ಬ ಅಜ್ಜ ‘ಫನ್ನಿ ಟರ್ನ್’ ಅಂತ ಏನೋ ಹೇಳಿದರು. ತಮಾಷೆ ಇರಬೇಕು ಅಂದುಕೊಂಡು ‘ಎಸ್, ಎಸ್’ ಅಂದೆ. ಅವರು ಹೇಳಿದ್ದು ತಲೆಸುತ್ತು ಬಂತು ಅಂತ. ಜೊತೆಯಲ್ಲಿದ್ದ ನರ್ಸ್ ನೋಡಿಕೊಂಡರು, ಏನೂ ಆಗಲಿಲ್ಲ. ಆದರೆ ನನಗೆ ನಿದ್ದೆ ಹೋಗಿದೆ. ಇಲ್ಲಿನ ಗಂಡಸರು ನನ್ನನ್ನು ‘ಲವ್’ ಅಂತ ಕರೆಯುತ್ತಾರೆ. ಇದನ್ನು ಫೋನಿನಲ್ಲಿ ಹೇಳಿದ್ದಕ್ಕೆ ಮನೆಯವರಿಗೆ ಸಿಟ್ಟು. ಮಗಳು ಊರಲ್ಲಿ ಅತ್ತೆಯ ಹತ್ತಿರ ಇದ್ದಾಳೆ. ಬರಲು ಮಾಡಿದ ಸಾಲವೂ ತೀರಿಲ್ಲ. ವಾಪಸ್ ಬಂದುಬಿಡಲೇ?

ಉತ್ತರ: ತಂಗಿ, ಮೊದಲು ಆ ಅಜ್ಜನ ವಿಷಯ. ‘ಫನ್ನಿ ಟರ್ನ್’ ಅಂದರೆ ಏನು ಅಂತ ನಿಮಗೆ ಯಾವ ಪರೀಕ್ಷೆಯೂ ಕಲಿಸಿರಲಿಲ್ಲ. ಆ ಮಾತು ಗೊತ್ತಿಲ್ಲದ್ದು ತಪ್ಪೇ ಅಲ್ಲ. ನೀವು ಬಿಡಬೇಕಾದದ್ದು ಆ ‘ಎಸ್’ ಒಂದನ್ನೇ. ತಿಳಿಯದಿದ್ದಾಗ ತಲೆಯಾಡಿಸುವುದನ್ನು ಮುಂದಿನ ಡ್ಯೂಟಿಯಿಂದಲೇ ನಿಲ್ಲಿಸಿ.

‘ಪಾರ್ಡನ್’ ಅಂತ ಮತ್ತೆ ಮತ್ತೆ ಕೇಳಿದರೆ ಜನ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುತ್ತಾರೆ ಅಷ್ಟೆ. ‘ನಾನು ಈ ಊರಿಗೆ ಹೊಸಬಳು, ಬೇರೆ ರೀತಿ ಹೇಳ್ತೀರಾ? ಎಲ್ಲಿ ಅಂತ ತೋರಿಸ್ತೀರಾ?’ ಅಂತ ಕೇಳಿ. ಆಮೇಲೆ ನಿಮಗೆ ತಿಳಿದದ್ದನ್ನು ಅವರಿಗೇ ತಿರುಗಿ ಹೇಳಿ: ‘ಅಂದರೆ ನಿಮಗೆ ತಲೆ ಸುತ್ತುತ್ತಿದೆ, ಸರಿನಾ?’ ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಎನ್‌ಎಂಸಿಯ ನಿಯಮಾವಳಿಯಲ್ಲೂ ಇದಿದೆ. ತಪ್ಪು ತಿಳಿವಳಿಕೆ ಆಗದಂತೆ ಆಗಾಗ ಖಚಿತಪಡಿಸಿಕೊಳ್ಳಿ ಅಂತ ಅದು ಹೇಳುತ್ತದೆ. ಕೇಳುವುದು ನಿಮ್ಮ ಕೆಲಸದ ಭಾಗ. ಅದಕ್ಕೆ ನಾಚಿಕೆ ಬೇಡ.

ರಾಯಚೂರಿನ ವಾರ್ಡುಗಳನ್ನು ನೆನಪು ಮಾಡಿಕೊಳ್ಳಿ. ಮಾನ್ವಿ, ಮಸ್ಕಿ ಕಡೆಯವರು ‘ಚಕ್ಕರ್ ಬರತದ’, ‘ಕೈಕಾಲು ಹರಿತಾವ’ ಅನ್ನುತ್ತಿದ್ದರು. ಗದ್ವಾಲ್ ಕಡೆಯಿಂದ ಬಂದವರು ತೆಲುಗಿನಲ್ಲೇ ಶುರು ಮಾಡುತ್ತಿದ್ದರು. ನಮ್ಮ ಕಡೆ ಕೆಲಸಕ್ಕೆ ಬರುವ ಕೇರಳದ ಸಿಸ್ಟರ್‌ಗಳು ಇದನ್ನೆಲ್ಲ ಕೇಳಿ ಕೇಳಿಯೇ ಕಲಿತರು. ಅವರನ್ನು ಯಾರಾದರೂ ದಡ್ಡರು ಅಂದರಾ? ಇಂಗ್ಲಿಷ್ ಮಾತಾಡುವ ಹೊರದೇಶದ ಡಾಕ್ಟರುಗಳಿಗೂ ಯಾರ್ಕ್‌ಶೈರ್ ಮಾತು ಕಷ್ಟವೇ. ಅಲ್ಲಿನ ಡಾಂಕಾಸ್ಟರ್‌ನ ಆರೋಗ್ಯ ಸಂಸ್ಥೆ ಅವರಿಗಾಗಿ ಊರ ಮಾತುಗಳ ಒಂದು ಪಟ್ಟಿಯನ್ನೇ ಮಾಡಿಕೊಟ್ಟಿತ್ತು.

ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಮೈಗೆ ಸಂಬಂಧಿಸಿದ ಮಾತು ಮೊದಲು. ‘ಪೂರ್ಲಿ’ ಅಂದರೆ ಹುಷಾರಿಲ್ಲ. ‘ವಾಟರ್‌ವರ್ಕ್ಸ್’ ಅಂದರೆ ಮೂತ್ರದ ತೊಂದರೆ. ‘ಬಂಗ್ಡ್ ಅಪ್’ ಅಂದರೆ ಮಲಬದ್ಧತೆ, ಕೆಲವೊಮ್ಮೆ ಮೂಗು ಕಟ್ಟಿರುವುದು. ಅಜ್ಜಿಯೊಬ್ಬರು ‘ಸ್ಪೆಂಡ್ ಎ ಪೆನ್ನಿ’ ಅಂದರೆ ಬಾತ್‌ರೂಮಿಗೆ ಹೋಗಬೇಕು ಅಂತ. ‘ನೌಟ್’ ಅಂದರೆ ಏನೂ ಇಲ್ಲ, ‘ಔಟ್’ ಅಂತ ಕೇಳಿಸುವ ಮಾತಿಗೆ ‘ಏನಾದರೂ’ ಅಂತ ಅರ್ಥ. ‘ಎರಡು ದಿನದಿಂದ ನೌಟ್ ತಿಂದಿದ್ದೇನೆ’ ಅಂದವರ ಊಟದ ಚಾರ್ಟ್ ನೀವು ನೋಡಲೇಬೇಕು. ‘ಟೀ’ ಅಂದರೆ ಅಲ್ಲಿ ಎಷ್ಟೋ ಮನೆಗಳಲ್ಲಿ ಸಂಜೆಯ ಊಟ. ‘ಹಾಫ್ ಸೆವೆನ್’ ಅಂದರೆ ಏಳೂವರೆ, ಆರೂವರೆ ಅಲ್ಲ. ಔಷಧದ ಹೊತ್ತು ಹೇಳುವಾಗ ಮಾತ್ರ ನೀವು ಬಿಡಿಸಿಯೇ ಹೇಳಿ, ಹಾಗೇ ಬರೆದುಕೊಳ್ಳಿ. ಬ್ರೇಕ್ ರೂಮಿನ ತಮಾಷೆ, ಫುಟ್‌ಬಾಲ್, ಟಿವಿ ಸುದ್ದಿ ಇವೆಲ್ಲ ಕೊನೆಗೆ ಬಂದರೆ ಸಾಕು. ನಗು ಬರದಿದ್ದರೆ ನಗಬೇಡಿ. ‘ಏನದು, ನನಗೂ ಹೇಳಿ’ ಅಂತ ಕೇಳಿ. ಹಾಗೆ ಕೇಳಿದವರ ಜೊತೆ ಸ್ನೇಹ ಬೇಗ ಆಗುತ್ತದೆ.

ನಮ್ಮ ಇಂಗ್ಲಿಷೂ ಅವರಿಗೆ ತೊಡಕಾಗುತ್ತದೆ, ಇದರ ಬಗ್ಗೆ ನೀವು ಬರೆದಿಲ್ಲ. ನಮ್ಮಲ್ಲಿ ಓಟಿ ಅಂದರೆ ಆಪರೇಷನ್ ಥಿಯೇಟರ್. ಅಲ್ಲಿ ಓಟಿ ಅಂದರೆ ಆಕ್ಯುಪೇಷನಲ್ ಥೆರಪಿಸ್ಟ್, ರೋಗಿ ದಿನದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ನೆರವಾಗುವವರು; ಆಪರೇಷನ್ನಿಗೆ ‘ಥಿಯೇಟರ್’ ಅಂತ ಅಷ್ಟೇ ಹೇಳುತ್ತಾರೆ. ‘ಐ ಹ್ಯಾವ್ ಎ ಡೌಟ್’ ಅಂದರೆ ನೀವು ಅವರನ್ನು ನಂಬುತ್ತಿಲ್ಲ ಅಂತ ಕೇಳಿಸಬಹುದು. ‘ಕ್ವೆಶ್ಚನ್ ಇದೆ’ ಅನ್ನಿ. ‘ರಾಯಚೂರಿನಲ್ಲಿ ಪಾಸ್ಡ್ ಔಟ್ ಆದೆ’ ಅಂದರೆ ಪ್ರಜ್ಞೆ ತಪ್ಪಿ ಬಿದ್ದೆ ಅಂತ ತಿಳಿದುಕೊಳ್ಳುತ್ತಾರೆ. ರೋಗಿಯ ಮನೆಯವರಿಗೆ ಸಾವಿನ ಸುದ್ದಿ ಹೇಳುವಾಗ ‘ಎಕ್ಸ್‌ಪೈರ್ಡ್’ ಅನ್ನಲೇಬೇಡಿ. ಅವರ ಕಿವಿಗೆ ಅದು ಡೇಟು ಮುಗಿದ ಸಾಮಾನಿನ ಮಾತು. ‘ಡೈಡ್’ ಅಂತ ಮೆಲ್ಲಗೆ ಹೇಳಿ. ಇನ್ನು ‘ಸಿಸ್ಟರ್’ ಅಲ್ಲಿ ವಾರ್ಡು ನಡೆಸುವ ಹಿರಿಯ ನರ್ಸ್‌ನ ಹುದ್ದೆ, ಎಲ್ಲರಿಗೂ ಹಾಗೆ ಕರೆಯುವುದಿಲ್ಲ.

ಅವರ ಉಚ್ಚಾರವನ್ನು ನಕಲು ಮಾಡುವುದು ಬೇಡ. ಅವರ ಮಾತು ನಿಮಗೆ ತಿಳಿದರೆ ಸಾಕು. ನಿಮ್ಮ ಬಾಯಲ್ಲಿ ನಿಮ್ಮದೇ ಸ್ಪಷ್ಟ ಇಂಗ್ಲಿಷ್ ಇರಲಿ, ಸ್ವಲ್ಪ ನಿಧಾನವಾಗಿ.

ಈ ಭಾಗವನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಸಿಂಧನೂರಿನ ಸಂತೆಯಲ್ಲಿ ಅಜ್ಜನೊಬ್ಬ ಎಂಟು ವರ್ಷದ ಹುಡುಗಿಗೂ ‘ಬಾರವ್ವ’ ಅನ್ನುತ್ತಾನೆ. ಅವಳು ಅವನ ಅವ್ವ ಅಲ್ಲ. ಯಾರ್ಕ್‌ಶೈರ್‌ನ ‘ಲವ್’ ಕೂಡ ಬಹುಪಾಲು ಅಂಥದ್ದೇ. ಬಸ್ ಡ್ರೈವರ್ ಅಂತಾನೆ, ಅಂಗಡಿಯಾಕೆ ಅಂತಾಳೆ, ಗಂಡಸಿಗೂ ಅಂತಾರೆ. ಆದರೆ ಮುಟ್ಟುವುದು, ಅಸಹ್ಯವಾಗಿ ನೋಡುವುದು, ಬೇಡ ಅಂದರೂ ಬಿಡದೆ ಕಾಡುವುದು ಇದ್ದರೆ ಮಾತು ಬೇರೆ. ಅದನ್ನು ವಾರ್ಡ್ ಮ್ಯಾನೇಜರ್‌ಗೆ ಬರೆದು ಕೊಡಿ. ಊರಿನಲ್ಲಿ ಕೂತವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಆ ಅಳತೆಯನ್ನು ಅವರು ನಿಮಗೆ ಬಿಡಬೇಕು. ದೂರದಲ್ಲಿ ಒಬ್ಬರೇ ದುಡಿಯುತ್ತಿರುವ ಹೆಂಡತಿಗೆ ಫೋನಿನಲ್ಲಿ ಸಿಟ್ಟು ಸಿಕ್ಕರೆ ಆಕೆ ಮುಂದಿನ ಸಲ ಏನನ್ನೂ ಹೇಳುವುದಿಲ್ಲ.

ಹೊಸ ನರ್ಸ್‌ಗಳಿಗೆ ಅಲ್ಲಿ ‘ಪ್ರಿಸೆಪ್ಟರ್’ ಅಂತ ಅನುಭವಿ ನರ್ಸ್ ಒಬ್ಬರನ್ನು ಜೊತೆಗೆ ಕೊಡುವ ಪದ್ಧತಿ ಇದೆ. ನಿಮಗೆ ಯಾರು ಅಂತ ಕೇಳಿ. ಅಜ್ಜನ ಘಟನೆಯನ್ನು ಅವರಿಗೆ ಇದ್ದ ಹಾಗೇ ಹೇಳಿ. ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್ ಆದ ಮೇಲೆ ತಿಳಿಯದ್ದನ್ನು ಅವರ ಹತ್ತಿರ ಕೇಳುವ ರೂಢಿ ಮಾಡಿಕೊಳ್ಳಿ. ಒಳಗೇ ಇಟ್ಟುಕೊಂಡರೆ ನಿದ್ದೆ ಇನ್ನೂ ದೂರ ಹೋಗುತ್ತದೆ.

ಇನ್ನು ವಾಪಸ್ ಬರುವ ಪ್ರಶ್ನೆ. ನಿಮ್ಮ ಪತ್ರದಲ್ಲಿ ಎರಡು ನೋವು ಗಂಟು ಬಿದ್ದಿವೆ ಅಂತ ನನಗೆ ಅನಿಸುತ್ತದೆ. ಮಾತು ತಿಳಿಯದ ಕಷ್ಟಕ್ಕಾಗಿ ಬರಬೇಡಿ, ಅದು ಕೇಳುತ್ತಾ ಕೇಳುತ್ತಾ ಕಡಿಮೆಯಾಗುತ್ತದೆ. ಮಗಳನ್ನು ಬಿಟ್ಟಿರಲು ಆಗುತ್ತಿಲ್ಲ ಅನ್ನುವುದಾದರೆ ಅದನ್ನು ಅದೇ ಹೆಸರಿನಲ್ಲಿ ಮನೆಯಲ್ಲಿ ಮಾತಾಡಿ. ಅದಕ್ಕೆ ಇಂಗ್ಲಿಷಿನ ನೆಪ ಬೇಕಾಗಿಲ್ಲ. ಅವಳನ್ನು ಕರೆಸಿಕೊಳ್ಳುವ ದಾರಿಯನ್ನೂ ನೋಡಿ. 2024ರ ಮಾರ್ಚ್‌ನಲ್ಲಿ ಬ್ರಿಟನ್ ಕುಟುಂಬವನ್ನು ಕರೆತರುವುದನ್ನು ನಿಲ್ಲಿಸಿದ್ದು ಕೇರ್ ವರ್ಕರ್‌ಗಳಿಗೆ, ನೋಂದಾಯಿತ ನರ್ಸ್‌ಗಳಿಗಲ್ಲ. ನಿಯಮ ಆಗಾಗ ಬದಲಾಗುವುದರಿಂದ ಆಸ್ಪತ್ರೆಯ ಎಚ್‌ಆರ್‌ನಲ್ಲಿ ಈಗಿನ ಸ್ಥಿತಿ ಕೇಳಿಕೊಳ್ಳಿ. ಕೆಲಸದ ಕರಾರನ್ನೂ ತೆಗೆದು ಓದಿ. ಅವಧಿಗೆ ಮೊದಲೇ ಬಿಟ್ಟರೆ ಕರೆಸಿಕೊಂಡ ಖರ್ಚನ್ನು ವಾಪಸ್ ಕೊಡಬೇಕು ಅನ್ನುವ ಷರತ್ತು ಕೆಲವು ಕಡೆ ಇರುತ್ತದೆ. ಊರಿನ ಸಾಲದ ಜೊತೆ ಅದೂ ಸೇರಿದರೆ ಎಷ್ಟಾಗುತ್ತದೆ ಅಂತ ಮನೆಯವರ ಜೊತೆ ಲೆಕ್ಕ ಹಾಕಿ, ಆಮೇಲೆ ತೀರ್ಮಾನ ಮಾಡಿ.