ಗಡಿಯಾರಕ್ಕೆ ಮುಳ್ಳಿಲ್ಲ ಎಂಬುದನ್ನು ಮೊದಲು ಬರೆಯಿರಿ

ನಮಸ್ಕಾರ.

ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಕೊನೆಗಾಲದಲ್ಲಿ ತನ್ನನ್ನೇ ಬಿಡಿಸಿಕೊಂಡ ಸ್ವಚಿತ್ರಗಳ ಬಗ್ಗೆ ನೀವು ಕಳಿಸಿದ ಪ್ರಬಂಧ ಈಗಿರುವ ರೂಪದಲ್ಲಿ ಪ್ರಕಟಣೆಗೆ ಒದಗುವುದಿಲ್ಲ. ಆದರೆ ವಸ್ತುವಿನ ಆಯ್ಕೆ ತುಂಬಾ ಚೆನ್ನಾಗಿದೆ, ತಿದ್ದಿದರೆ ನಿಲ್ಲುವ ಬರಹ. ಅದಕ್ಕೇ ಇಷ್ಟು ವಿವರ.

ಮೊದಲ ಎರಡು ಪುಟ 'ದಿ ಸ್ಕ್ರೀಮ್'ಗೇ ಹೋಗಿವೆ. ಅದು 1893ರ ಚಿತ್ರ. ನಿಮ್ಮ ಕಥೆ ಶುರುವಾಗುವುದು 1916ರಲ್ಲಿ ಅವನು ಓಸ್ಲೋದ ಅಂಚಿನ ಎಕೆಲಿಯಲ್ಲಿ ಮನೆ ಕೊಂಡ ಮೇಲೆ. ಆ ಪುಟಗಳನ್ನು ತೆಗೆದುಬಿಡಿ. 1908ರಲ್ಲಿ ಮನಸ್ಸು ಕುಸಿದು ಕೋಪನ್‌ಹೇಗನ್ನಿನ ಆಸ್ಪತ್ರೆ ಸೇರಿದ್ದನ್ನೇ ಕೊನೆಯ ಚಿತ್ರಗಳಿಗೂ ಕಾರಣ ಮಾಡಿದ್ದೀರಿ. ನಡುವಿನ ಮೂವತ್ತು ವರ್ಷಗಳ ದುಡಿಮೆ ಎಲ್ಲಿ ಹೋಯಿತು?

ದೊಡ್ಡ ತೊಂದರೆ 'ಗಡಿಯಾರ ಮತ್ತು ಹಾಸಿಗೆಯ ನಡುವೆ' (1940–43) ಚಿತ್ರದ ಭಾಗದಲ್ಲಿದೆ. ಪುಟ ತುಂಬ 'ಸಾವಿನ ಭಯ' ಎಂದಿದೆ, ಚಿತ್ರ ಮಾತ್ರ ಕಾಣುವುದಿಲ್ಲ. ಅಂಚಿನಿಂದ ನೋಡುತ್ತಾ ಬನ್ನಿ. ಎಡಕ್ಕೆ ಆಳೆತ್ತರದ ಗಡಿಯಾರ, ಮುಳ್ಳಿಲ್ಲ, ಅಂಕಿಗಳೂ ಇಲ್ಲ. ಬಲಕ್ಕೆ ಹಾಸಿಗೆ, ಅದರ ಹೊದಿಕೆಯ ಮೇಲೆ ಕೆಂಪು-ಕಪ್ಪು ಗೀಟುಗಳು. ಹಿಂದೆ ತೆರೆದ ಬಾಗಿಲು, ಅದರಾಚೆ ಹಳದಿ ಬೆಳಕಿನ ಕೋಣೆ, ಗೋಡೆಯಲ್ಲಿ ಅವನದೇ ಚಿತ್ರಗಳು. ನಡುವೆ ಮುದುಕ ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದಾನೆ. ಇಡೀ ಚಿತ್ರದಲ್ಲಿ ಅತ್ಯಂತ ಚುರುಕಾಗಿರುವುದು ಆ ಹೊದಿಕೆಯ ಗೀಟುಗಳೇ, ಮುಖವಲ್ಲ. ಇಷ್ಟನ್ನು ಬರೆದ ಮೇಲೆ ಅದನ್ನು ಭಯ ಎನ್ನಬೇಕೋ, ಒಪ್ಪಿಗೆ ಎನ್ನಬೇಕೋ ಎಂದು ನೀವೇ ತಡವರಿಸುತ್ತೀರಿ. ಆ ತಡವರಿಕೆಯನ್ನು ಅಳಿಸಬೇಡಿ, ಪ್ರಬಂಧದ ಜೀವ ಅಲ್ಲೇ ಇದೆ.

1930ರ ಕಣ್ಣಿನ ಚಿತ್ರಗಳನ್ನು 'ಆತ್ಮದ ಕಪ್ಪು ಕಲೆಗಳು' ಎಂದಿದ್ದೀರಿ. ಆಗ ಬಲಗಣ್ಣಿನೊಳಗೆ ರಕ್ತಸ್ರಾವವಾಗಿತ್ತು. ದೃಷ್ಟಿಗೆ ಅಡ್ಡ ಬಂದ ಕಲೆಯನ್ನು ಅವನು ಕಂಡ ಹಾಗೆಯೇ ಬಿಡಿಸುತ್ತಾ ಹೋದ. ಕೆಲವದರಲ್ಲಿ ಅದು ಹಕ್ಕಿಯ ಆಕಾರ ತಳೆಯುತ್ತದೆ. ದೃಷ್ಟಿ ಕೆಟ್ಟ ಹೊತ್ತಿನಲ್ಲೂ ಅಷ್ಟು ಶಿಸ್ತಿನಿಂದ ನೋಡಿದವನಿಗೆ ರೂಪಕದ ಅಲಂಕಾರ ತೊಡಿಸಿದರೆ ಅನ್ಯಾಯವಾಗುತ್ತದೆ. ಈ ಭಾಗ ಈಗ ನಾಲ್ಕು ಸಾಲು, ಒಂದು ಪುಟಕ್ಕೆ ಬೆಳೆಸಿ.

ಸ್ಪ್ಯಾನಿಷ್ ಜ್ವರದ ಸ್ವಚಿತ್ರ (1919) ಮತ್ತು 'ರಾತ್ರಿ ಅಲೆಮಾರಿ' (1923–24) ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಬೇಡಿ. ಮೊದಲನೆಯದರಲ್ಲಿ ಹೊದ್ದು ಕುರ್ಚಿಯಲ್ಲಿ ಕುಳಿತಿದ್ದಾನೆ, ಬಾಯಿ ತೆರೆದಿದೆ. ಎರಡನೆಯದರಲ್ಲಿ ಚೌಕಟ್ಟಿನೊಳಕ್ಕೆ ಬಾಗಿ ಇಣುಕುತ್ತಾನೆ, ಕಣ್ಣುಗುಳಿಗಳು ಕಪ್ಪು. ಮೈ ನಿಲುವು ಬೇರೆಯಾದರೆ ಮನಸ್ಥಿತಿಯೂ ಬೇರೆ.

1937ರಲ್ಲಿ ನಾಜಿಗಳು ಜರ್ಮನಿಯ ಸಂಗ್ರಹಾಲಯಗಳಿಂದ ಅವನ 82 ಕೃತಿಗಳನ್ನು ತೆಗೆದುಹಾಕಿದ್ದಕ್ಕೆ ಒಂದು ಸಾಲು ಸಾಕು. 1944ರ ಜನವರಿಯಲ್ಲಿ ತೀರಿಕೊಂಡ ದಿನಾಂಕವನ್ನು ಎರಡು ಕಡೆ ಎರಡು ರೀತಿ ಕೊಟ್ಟಿದ್ದೀರಿ; 23 ಸರಿ.

ಬಣ್ಣದ ಬಗ್ಗೆ ಬರೆಯುವಾಗ ಓಸ್ಲೋದ ಮುಂಕ್ ಸಂಗ್ರಹಾಲಯವೇ ಕೊಟ್ಟಿರುವ ಪ್ರತಿಯನ್ನು ನೋಡಿ. ನೀವು ಬಳಸಿದ ಪ್ರತಿಯಲ್ಲಿ ಹಳದಿ ಕಂದಾಗಿ ಬಂದಿದೆ, 'ಮಂಕು ಬೆಳಕು' ಎಂದದ್ದು ಅದರಿಂದಲೇ. ಮುಂದಿನ ಕರಡು 1,200 ಪದ ಮೀರದಿರಲಿ.