ಸ್ಪರ್ಧೆಗೆ ನಿಲ್ಲಲೇಬೇಕು ಅಂತೇನಿಲ್ಲ
ಐದನೇ ಕ್ಲಾಸಿನ ಮಗಳಿಗೆ ನಾಚಿಕೆ ಜಾಸ್ತಿ, ನ್ಯೂಯಾರ್ಕಿನ ಶಾಲೆಯಲ್ಲಿ ಡ್ಯಾನ್ಸಿಂಗ್ ಕ್ಲಾಸ್‌ರೂಮ್ಸ್ ಅನ್ನೋ ಬಾಲ್‌ರೂಮ್ (ಜೋಡಿಯಾಗಿ ಕುಣಿಯುವ) ಡ್ಯಾನ್ಸ್ ಕಲಿಸುವ ಕಾರ್ಯಕ್ರಮ ಶುರುವಾಗುತ್ತಿದೆ, ಅದರ ಸ್ಪರ್ಧೆಗೂ ನಿಲ್ಲಬೇಕಾ ಅಂತ ಕೇಳಿದ್ದೀರಿ. ಇಲ್ಲ ಮೇಡಂ. ಬಾಲ್‌ರೂಮ್ ಡ್ಯಾನ್ಸರ್ ಪಿಯರ್ ಡುಲೇನ್ 1994ರಲ್ಲಿ ಇದನ್ನು ಶುರು ಮಾಡಿದ್ದೇ ಚೆನ್ನಾಗಿ ಕುಣಿಯುವವರಿಗೆ ಮಾತ್ರ ಅಲ್ಲ, ಇಡೀ ಕ್ಲಾಸಿಗೆ ಕಲಿಸೋಕೆ. ಹತ್ತು ವಾರ, 20 ಪಾಠ. ಮೆರೆಂಗೆ, ಫಾಕ್ಸ್‌ಟ್ರಾಟ್, ರುಂಬಾ, ಟ್ಯಾಂಗೋ, ಸ್ವಿಂಗ್ ಅನ್ನೋ ಕುಣಿತಗಳೆಲ್ಲಾ ಬರುತ್ತವೆ. ಪಾಠದಲ್ಲಿ ಜೋಡಿ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಹುಡುಗರ ಕೈ ಹಿಡಿಯುವ ಮುಜುಗರ ಬೇಗ ಹೋಗುತ್ತದೆ (ಆ ವಯಸ್ಸಿನಲ್ಲಿ ಹುಡುಗರಿಗೇ ಜಾಸ್ತಿ ಮುಜುಗರ, ಅಲ್ವಾ). ಸ್ಪರ್ಧೆಯ ತಂಡಕ್ಕೆ ಆಮೇಲೆ ಕೆಲವು ಜೋಡಿಗಳನ್ನಷ್ಟೇ ಆರಿಸುತ್ತಾರೆ. ನನ್ನ ಪ್ರಕಾರ ನಿಜವಾದ ತಲೆನೋವು ಅಲ್ಲೇ, ಅಷ್ಟೊತ್ತಿಗೆ ನಿಮ್ಮ ಮಗಳಿಗೇ ಆಸೆ ಹುಟ್ಟಿ, ಹೆಸರು ಬರದಿದ್ದರೆ ಅತ್ತುಬಿಡಬಹುದು. ಯಾರನ್ನು ಹೇಗೆ ಆರಿಸುತ್ತಾರೆ ಅಂತ ಟೀಚರ್ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ.